ಏಳನೆಯ ಪ್ರಶ್ನೆಗೆ ರೋನಾ ಮೇರ್ ಕೊಟ್ಟ ಉತ್ತರ

ಸ್ಕಾಟ್ಲೆಂಡಿನ ಈಶಾನ್ಯದ ನಮ್ಮ ಕರಾವಳಿಯ ವಾರಪತ್ರಿಕೆ ಕಳೆದ ತಿಂಗಳು ತನ್ನ ಐದನೆಯ ಪುಟದಲ್ಲಿ ಡಾ. ರೋನಾ ಮೇರ್ ಅವರನ್ನು ಕುರಿತು ಒಂಬತ್ತು ಸಾಲುಗಳ ಸುದ್ದಿಯೊಂದನ್ನು ಅಚ್ಚುಮಾಡಿತು. ಒಂಬತ್ತು ಸಾಲುಗಳಲ್ಲಿ ಮೂರು ತಪ್ಪುಗಳಿದ್ದವು. ಪೋರ್ಟ್‌ರೆನ್ನಿಯ ಚಿಕಿತ್ಸಾಲಯಕ್ಕೆ ಹೊಸ ವೈದ್ಯೆಯಾಗಿ ಬರಲಿರುವ ಅವರು '1995ರಲ್ಲಿ ಆರ್ಕ್ನಿಯಲ್ಲಿದ್ದ ತಮ್ಮ ಚಿಕ್ಕಪ್ಪನ ಬಳಿ ತರಬೇತಿ ಪಡೆದರು' ಎಂದು ಅದು ಹೇಳಿತು. ವರ್ಷ 1994. ದ್ವೀಪ ಆರ್ಕ್ನಿಯದಲ್ಲ, ಇನ್ನೂ ಉತ್ತರದ ಶೆಟ್ಲೆಂಡಿನದು. ಇವೆರಡನ್ನು ಅವಸರದ ತಪ್ಪುಗಳೆಂದು ಬಿಡಬಹುದು. ಚಿಕ್ಕಪ್ಪ ಎಂಬುದನ್ನು ಬಿಡುವಂತಿಲ್ಲ. ಇದೇ ತಪ್ಪನ್ನು ಹತ್ತು ವರ್ಷಗಳ ಹಿಂದೆ ವೈದ್ಯಕೀಯ ಶಾಲೆಯ ಕಚೇರಿಯೊಂದು ಮಾಡಿ, ಆಕೆಯನ್ನು ಸುಳ್ಳು ಹೇಳಿದವಳೆಂದು ದಾಖಲೆಗೆ ಸೇರಿಸುವ ಅಂಚಿಗೆ ಬಂದಿತ್ತು. ನಾನು ಪತ್ರಿಕೆಗೆ ತಿದ್ದುಪಡಿ ಕಳುಹಿಸಿದೆ. 'ಸಣ್ಣ ವಿವರ, ಓದುಗರಿಗೆ ಇದರಿಂದ ವ್ಯತ್ಯಾಸವಾಗದು' ಎಂದು ಉತ್ತರ ಬಂತು. ಮೂವತ್ತನಾಲ್ಕು ವರ್ಷ, 1955ರಿಂದ 1989ರವರೆಗೆ, ಈ ಊರಿನ ಜನನ ಮರಣ ವಿವಾಹಗಳನ್ನು ನೋಂದಾಯಿಸಿದವನಿಗೆ ಸಣ್ಣ ವಿವರ ಎಂಬ ಮಾತು ಅರ್ಥವಾಗುವುದಿಲ್ಲ. ಆದ್ದರಿಂದ ನಡೆದುದನ್ನು ನಡೆದ ಕ್ರಮದಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಹೆಸರುಗಳ ಮಾತು. 1993ರ ಮತದಾರರ ಪಟ್ಟಿಯಲ್ಲಿ ಪೋರ್ಟ್‌ರೆನ್ನಿಯ 611 ಮತದಾರರಿದ್ದರು. ಅವರಲ್ಲಿ 143 ಜನರ ಮನೆತನದ ಹೆಸರು ಮೇರ್. ಆ 143ರಲ್ಲಿ ಹನ್ನೊಂದು ಮಂದಿ ಅಲೆಗ್ಸಾಂಡರ್ ಮೇರ್‌ಗಳು. ಅಂಚೆಯವನು ಕಾಗದ ಕೊಡಬೇಕಾದರೆ, ಪಾದ್ರಿ ಸಾವಿನ ಸುದ್ದಿ ಓದಬೇಕಾದರೆ, ಪ್ರತಿ ಮನೆಗೂ ಒಂದು ಕರೆಹೆಸರು ಬೇಕು. ಅದು ಗೆಳೆಯರು ತಮಾಷೆಗಿಟ್ಟ ಹೆಸರಲ್ಲ. ತಂದೆಯಿಂದ ಮಕ್ಕಳಿಗೆ ಇಳಿಯುತ್ತದೆ, ಮತದಾರರ ಪಟ್ಟಿಯಲ್ಲಿ ಆವರಣದೊಳಗೆ ಅಚ್ಚಾಗುತ್ತದೆ, ಗೋರಿಕಲ್ಲಿನ ಮೇಲೂ ಕೆತ್ತಲ್ಪಡುತ್ತದೆ. ರೋನಾಳ ಮನೆಯವರು ಮೇರ್ (ಶೇವಿ). ಅವರ ಮನೆಯಿಂದ ಅರುವತ್ತು ಗಜ ದೂರದವರು ಮೇರ್ (ಬೋಸನ್). ಬಂದರಿನ ಪಶ್ಚಿಮ ದಕ್ಕೆಯಲ್ಲಿ ದೋಣಿ ಕಟ್ಟುವ ಒಂದು ಜಾಗಕ್ಕಾಗಿ 1911ರಲ್ಲಿ ಜಗಳವಾದಂದಿನಿಂದ ಈ ಎರಡು ಮನೆಗಳವರು ಒಬ್ಬರ ಮದುವೆಗೆ ಇನ್ನೊಬ್ಬರು ಹೋದವರಲ್ಲ.

ರೋನಾ ಹುಟ್ಟಿದ್ದು 1971ರ ಸೆಪ್ಟೆಂಬರ್ 9ರಂದು. ನೋಂದಣಿ ಮಾಡಿದವನು ನಾನೇ. ತಂದೆ ವಾಲ್ಟರ್; ಊರಿಗೆಲ್ಲ ವಾಟಿ. ಶೆಟ್ಲೆಂಡಿನ ಆಚೆಯ ನೀರಿಗೆ ಹೋಗುವ ಬಲೆದೋಣಿಯಲ್ಲಿ ಕೆಲಸ. 1986ರ ಫೆಬ್ರವರಿಯಲ್ಲಿ ಬಲೆ ಎಳೆಯುವ ಉಕ್ಕಿನ ಹಗ್ಗ ಸುತ್ತುವ ಉರುಳೆಗೆ ಅವನ ಬಲಗೈ ಸಿಕ್ಕಿತು. ದೋಣಿಯವರು ಕೈಯನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಿ, ಕಟ್ಟಿದ್ದು ಕಟ್ಟಿದಂತೆಯೇ ಬಿಟ್ಟು, ಹನ್ನೊಂದು ಗಂಟೆ ಸಮುದ್ರ ದಾಟಿ ಹತ್ತಿರದ ದ್ವೀಪ ಮುಟ್ಟಿದರು. ಅಲ್ಲಿದ್ದ ಒಬ್ಬನೇ ವೈದ್ಯ ನಮ್ಮೂರಿನವನು: ಡಾ. ಅಲೆಗ್ಸಾಂಡರ್ ಮೇರ್, ಎಲ್ಲರೂ ಸಾಂಡಿ ಎನ್ನುತ್ತಿದ್ದ ಬೋಸನ್ ಮನೆಯ ಮಗ. ಮೂರು ಬೆರಳುಗಳು ಉಳಿದವು. ಉಂಗುರದ ಬೆರಳು ಮತ್ತು ಕಿರುಬೆರಳು ಹೋದವು. 'ಕಟ್ಟನ್ನು ಒಮ್ಮೆ ಸಡಿಲಿಸಿದ್ದರೆ ನಾಲ್ಕು ಉಳಿಯುತ್ತಿದ್ದವು' ಎಂದು ಡಾಕ್ಟರು ಹೇಳಿದರಂತೆ.

ಮನೆಗೆ ಬಂದ ವಾಟಿ ಈ ಮಾತನ್ನು ಒಂದೇ ಸಲ ಆಡಿದ. ಹದಿನಾಲ್ಕರ ಮಗಳು ಅದನ್ನು ಬಿಡಲಿಲ್ಲ. ಯಾವ ದೋಣಿಯಲ್ಲಿ ಯಾರ ಯಾವ ಬೆರಳು ಯಾವಾಗ ಹೋಯಿತು ಎಂದು ಶಾಲೆಯ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತ ದಕ್ಕೆಯುದ್ದಕ್ಕೂ ತಿರುಗಿದಳು. ಗಂಡಸರು ನಕ್ಕರು. 'ನನ್ನದು ಹೆಬ್ಬೆರಳು, ಬರಕೋ, ವಾಪಸ್ ಕೊಡಿಸ್ತೀಯಾ?' ಎಂದು ಕೈ ಮುಂದೆ ಚಾಚಿದರು. ಅವಳು ಬರೆದುಕೊಂಡು ಮುಂದಿನವನ ಬಳಿಗೆ ಹೋದಳು. 1989ರಲ್ಲಿ ಆಬರ್ಡೀನಿನಲ್ಲಿ ವೈದ್ಯಕೀಯಕ್ಕೆ ಸೇರಿದಾಗ ಊರಿನ ಯಾರಿಗೂ ಆಶ್ಚರ್ಯವಾಗಲಿಲ್ಲ.

ಅಲ್ಲಿ ಕೊನೆಯ ವರ್ಷದಲ್ಲಿ ಎಂಟು ವಾರಗಳ ಒಂದು ಅವಧಿಯುಂಟು. ವಿದ್ಯಾರ್ಥಿ ತಾನೇ ಆರಿಸಿಕೊಂಡ ಊರಿನಲ್ಲಿ, ತಾನೇ ಒಪ್ಪಿಸಿಕೊಂಡ ವೈದ್ಯರ ಕೈಕೆಳಗೆ, ತಾನೇ ಗೊತ್ತುಮಾಡಿಕೊಂಡ ವಿಷಯವನ್ನು ಅಭ್ಯಾಸಮಾಡಿ ವರದಿ ಬರೆಯಬೇಕು. ಇಲೆಕ್ಟಿವ್ ಎನ್ನುತ್ತಾರೆ. ಅದಿಲ್ಲದೆ ಪದವಿ ಇಲ್ಲ. ಬಹುಪಾಲು ವಿದ್ಯಾರ್ಥಿಗಳು ಬಿಸಿಲಿನ ದೇಶಗಳಿಗೆ ಹೋಗುತ್ತಾರೆ; ಅವರಲ್ಲಿ ಕೆಲವರು ಕೆಲಸವನ್ನೂ ಮಾಡುತ್ತಾರೆ. ರೋನಾ ಎರಡನೆಯ ವರ್ಷದಿಂದಲೇ ಸಾಂಡಿ ಡಾಕ್ಟರಿಗೆ ಕಾಗದ ಬರೆಯುತ್ತಿದ್ದಳು. ಅವರ ಬಳಿ ಒಂದು ಪುಸ್ತಕವಿತ್ತು. ದೋಣಿಗಳಿಂದ ಇಳಿದುಬಂದ ಪ್ರತಿಯೊಂದು ಗಾಯದ ಕೈಯನ್ನೂ ಅವರು 1967ರಿಂದ ಅದರಲ್ಲಿ ದಾಖಲಿಸಿದ್ದರು: ಗಾಯವಾದ ಹೊತ್ತು, ದೋಣಿಯ ಮೇಲೆ ಮಾಡಿದ ಉಪಚಾರ, ಹೊಲಿಗೆ ಹಾಕಿದ ಹೊತ್ತು, ಉಳಿದ ಬೆರಳುಗಳು. 1,184 ನಮೂದುಗಳು. ರೋಗಿಗಳ ಹೆಸರಿರುವುದರಿಂದ ಪುಸ್ತಕವನ್ನು ಅವರು ಅಂಚೆಯಲ್ಲಿ ಕಳುಹಿಸಲು ಒಪ್ಪಲಿಲ್ಲ. ಅಲ್ಲಿಯೇ ಕುಳಿತು ಓದಬೇಕು, ತಾವು ಪಕ್ಕದಲ್ಲಿ ಕುಳಿತು ವಿವರಿಸಬೇಕು. 1994ರ ಮಾರ್ಚ್ 31ರಂದು ಅವರು ನಿವೃತ್ತರಾಗಿ ನ್ಯೂಜಿಲೆಂಡಿನಲ್ಲಿದ್ದ ಮಗಳ ಬಳಿಗೆ ಹೊರಡುವವರಿದ್ದರು. ಇಲೆಕ್ಟಿವ್‌ನ ಅವಧಿ ಜನವರಿ 10ರಿಂದ ಮಾರ್ಚ್ 4. ಆ ಎಂಟು ವಾರ ತಪ್ಪಿದರೆ ಮತ್ತೆ ಇಲ್ಲ.

ಆಬರ್ಡೀನಿನಲ್ಲಿ ರೋನಾಳೊಂದಿಗೆ ಮನೆ ಹಂಚಿಕೊಂಡಿದ್ದವಳು ಪಿಪ್ಪಾ ಹಾರ್ಗ್ರೀವ್ ಎಂಬ ಇಂಗ್ಲೆಂಡಿನ ಹುಡುಗಿ. ಅವಳ ಎಂಟು ವಾರಗಳಿಗೆ ಆಫ್ರಿಕಾದ ಜಾಂಜಿಬಾರ್ ನಿಗದಿಯಾಗಿತ್ತು. ಅವರಿಬ್ಬರ ಮಾತನ್ನು ರೋನಾ ನನಗೆ ಹೇಳಿದಂತೆಯೇ ಬರೆಯುತ್ತೇನೆ.

"ಜನವರೀಲಿ ಶೆಟ್ಲೆಂಡಾ? ಅಲ್ಲಿ ಬೆಳಕು ತಿಂಡಿ ಆದ್ಮೇಲೆ ಬಂದು ಸಂಜೆ ಕಾಫಿಗೆ ಮುಂಚೆ ಹೋಗ್ಬಿಡತ್ತಲ್ಲೇ."

"ಬೆರಳು ನೋಡೋಕೆ ದೀಪ ಸಾಕು."

"ನಾವೆಲ್ಲ ಬಿಸಿಲಲ್ಲಿ ಕೆಂಪಗಾಗಿ ಬರ್ತೀವಿ. ನೀನು ಮೀನಿನ ವಾಸನೆ ಹೊತ್ಕೊಂಡು ಬರ್ತೀಯ."

"ಹೋಗೋವಾಗ್ಲೇ ಇರತ್ತೆ. ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ."

ಅರ್ಜಿಯಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಏಳನೆಯದು: 'ಮೇಲ್ವಿಚಾರಕರಿಗೂ ನಿಮಗೂ ರಕ್ತಸಂಬಂಧ ಇದೆಯೇ? ವಿವರಿಸಿ.' ರೋನಾ ಅರ್ಜಿಯನ್ನು 1993ರ ಅಕ್ಟೋಬರ್ 4ರ ಸೋಮವಾರ ಕೊಟ್ಟಳು. ಏಳನೆಯ ಪ್ರಶ್ನೆಗೆ ಅವಳು ಬರೆದ ಉತ್ತರ ಇದು: 'ಇಲ್ಲ. ಅವರು ಬೋಸನ್, ನಾವು ಶೇವಿ.'

ಪೋರ್ಟ್‌ರೆನ್ನಿಯಲ್ಲಿ ಹುಟ್ಟಿದ ಯಾರೇ ಆದರೂ ಹಾಗೆಯೇ ಬರೆಯುತ್ತಿದ್ದರು. ನಮ್ಮಲ್ಲಿ ಅದಕ್ಕಿಂತ ಪೂರ್ಣವಾದ ಉತ್ತರವೇ ಇಲ್ಲ. ಊರಿನ ಗಡಿ ದಾಟಿದ ಮೇಲೆ ಆ ಎರಡು ಪದಗಳಿಗೆ ಬೆಲೆಯಿಲ್ಲ ಎಂಬುದು ನಮಗೆ ಹೊಳೆಯುವುದೂ ಇಲ್ಲ. ಅಕ್ಟೋಬರ್ 14ರ ದಿನಾಂಕದ ಉತ್ತರ ಅವಳ ಕೈಸೇರಿತು. ಮೂಲ ಪತ್ರವನ್ನು ನಾನು ಓದಿದ್ದೇನೆ; ಅದರ ಸಾರ ಇದು. ವಿದ್ಯಾರ್ಥಿನಿ ಮತ್ತು ಮೇಲ್ವಿಚಾರಕರ ಮನೆತನದ ಹೆಸರು ಒಂದೇ, ಹುಟ್ಟಿದ ಹಳ್ಳಿ ಒಂದೇ. ಆದರೂ ಸಂಬಂಧ ಇಲ್ಲವೆಂದು ಬರೆಯಲಾಗಿದೆ. ಕೊಟ್ಟ ವಿವರಣೆ ಹಾಸ್ಯದಂತಿದೆ. ಅಕ್ಟೋಬರ್ 29ರ ಶುಕ್ರವಾರದೊಳಗೆ ತೃಪ್ತಿಕರ ವಿವರಣೆ ಬಾರದಿದ್ದರೆ ಬೇರೆ ಸ್ಥಳ ನಿಗದಿಮಾಡಲಾಗುವುದು. ಸುಳ್ಳು ಹೇಳಿಕೆಯ ಪ್ರಶ್ನೆಯನ್ನು ವಿದ್ಯಾರ್ಥಿ ನಡತೆಯ ಸಮಿತಿಗೆ ಒಪ್ಪಿಸಲಾಗುವುದು. ಕೆಳಗೆ ಕಾರ್ಯದರ್ಶಿ ಶ್ರೀಮತಿ ಥಾರ್ಬರ್ನ್ ಅವರ ಸಹಿ.

ಒಂದೇ ಹೆಸರಿನ ಇಬ್ಬರು ನೆಂಟರಾಗಿರಲೇಬೇಕು ಎಂದು ತಿಳಿಯುವವರು ಆಬರ್ಡೀನಿನಿಂದ ಅರುವತ್ತು ಮೈಲಿ ದೂರದ ನಮ್ಮೂರಿಗೆ ಎಂದೂ ಬಂದವರಲ್ಲ. ಅದು ಅವರ ಅದೃಷ್ಟ. ತಿಳಿಯದ್ದನ್ನು ಸುಳ್ಳು ಎಂದು ಕರೆಯುವ ಹಕ್ಕು ಅದರಿಂದ ಬರುವುದಿಲ್ಲ.

ಶನಿವಾರ 16ರಂದು ರೋನಾ ಬಸ್ಸಿನಿಂದ ಇಳಿದವಳೇ ನನ್ನ ಬಾಗಿಲಿಗೆ ಬಂದಳು. ಅತ್ತಿರಲಿಲ್ಲ. ಪತ್ರವನ್ನು ಮೇಜಿನ ಮೇಲಿಟ್ಟು ಕುಳಿತಳು.

"ಮಿಸ್ಟರ್ ಲೋರಿಮರ್, ನಾನು ಸುಳ್ಳು ಹೇಳಿಲ್ಲ ಅಂತ ಕಾಗದದ ಮೇಲೆ ತೋರಿಸ್ಬೇಕು. ಬಾಯಲ್ಲಿ ಹೇಳಿದ್ರೆ ಅವ್ರು ನಂಬಲ್ಲ."

"ಎಷ್ಟು ಹಿಂದಕ್ಕೆ ಹೋಗ್ಬೇಕು?"

"ಇದ್ದಷ್ಟೂ ಹಿಂದಕ್ಕೆ."

"ಬೇರೆ ಜಾಗ ತಗೊಂಡ್ರೆ ಈ ತಲೆನೋವು ಇರಲ್ಲ. ಯೋಚ್ನೆ ಮಾಡಿದ್ಯಾ?"

"ಮಾಡ್ದೆ. ಬಸ್ಸಲ್ಲಿ, ಮೂರು ನಿಮಿಷ." ಅವಳು ಪತ್ರವನ್ನು ನನ್ನ ಕಡೆಗೆ ತಳ್ಳಿದಳು. "ಆ ಪುಸ್ತಕ ಓದೋರು ಇನ್ಯಾರೂ ಇಲ್ಲ. ಡಾಕ್ಟರು ಹೊರಟ ಮೇಲೆ ಅದು ಯಾವ್ದೋ ಬೀರು ಒಳಗೆ ಸೇರ್ಕೊಳತ್ತೆ. ಅದ್ರಲ್ಲಿ ಏನಿದೆ ಅಂತ ದೋಣಿಗಳಿಗೆ ಯಾವತ್ತೂ ಗೊತ್ತಾಗಲ್ಲ."

ವಿವರಣೆ ಕೊಡಲು ರೋನಾ 27ರ ಬುಧವಾರಕ್ಕೆ ಕಚೇರಿಯಲ್ಲಿ ಭೇಟಿ ಗೊತ್ತುಮಾಡಿಕೊಂಡಳು; ಸೋಮವಾರದಿಂದ ನಾನು ಕೆಲಸ ಆರಂಭಿಸಿದೆ. 1855ರಿಂದ ಈಚಿನದು ನೋಂದಣಿ ಕಚೇರಿಯ ಪುಸ್ತಕಗಳಲ್ಲಿದೆ; ನನ್ನ ನಂತರ ಬಂದ ನೋಂದಣಾಧಿಕಾರಿ ಓದಲು ಅನುಮತಿ ಕೊಟ್ಟರು. ಅದಕ್ಕೂ ಹಿಂದಿನದು ಚರ್ಚಿನ ದಾಖಲೆಗಳಲ್ಲಿ. ಅವನ್ನು ಎಲ್ಗಿನ್ ಗ್ರಂಥಾಲಯದಲ್ಲಿ ಮೈಕ್ರೋಫಿಲ್ಮಿನ ಮೇಲೆ ನೋಡಬೇಕು. ಗುರುವಾರದ ಹೊತ್ತಿಗೆ ಶೇವಿ ಮನೆಯ ಮೇರ್‌ಗಳನ್ನು 1788ಕ್ಕೂ ಬೋಸನ್ ಮನೆಯ ಮೇರ್‌ಗಳನ್ನು 1793ಕ್ಕೂ ತಲುಪಿಸಿದ್ದೆ. ಎರಡೂ ಮೇರ್ ವಂಶಗಳು ಎಲ್ಲಿಯೂ ಕೂಡಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು.

ಆದರೆ ಪ್ರಶ್ನೆ ರಕ್ತಸಂಬಂಧದ್ದು, ಮನೆತನದ ಹೆಸರಿನದಲ್ಲ. ಹೆಂಗಸರ ಕಡೆಯನ್ನು ನೋಡದೆ ವಂಶವನ್ನು ನೋಡಿದೆ ಎನ್ನುವಂತಿಲ್ಲ. ಸ್ಕಾಟ್ಲೆಂಡಿನ ಮರಣಪತ್ರದಲ್ಲಿ ಸತ್ತವರ ತಂದೆಯ ಹೆಸರಿನೊಂದಿಗೆ ತಾಯಿಯ ತವರಿನ ಹೆಸರೂ ಇರುತ್ತದೆ. ಇಂಗ್ಲೆಂಡಿನ ಪತ್ರದಲ್ಲಿ ಇರುವುದಿಲ್ಲ. ಆ ಒಂದು ಅಂಕಣ ನಮ್ಮನ್ನು ಸಿಕ್ಕಿಸಿತು. ವಾಟಿಯ ಮುತ್ತಜ್ಜಿ ಎಲ್ಸ್‌ಪೆಟ್ ಸ್ಲೇಟರ್ 1919ರಲ್ಲಿ ತೀರಿಕೊಂಡಳು. ತಂದೆ ವಿಲಿಯಂ ಸ್ಲೇಟರ್, ತಾಯಿ ಜೀನ್ ರೀಡ್. ಎಲ್ಸ್‌ಪೆಟ್‌ಳ ದೀಕ್ಷಾಸ್ನಾನ ಪಕ್ಕದ ಊರಿನ ಚರ್ಚಿನಲ್ಲಿ ಆಗಿದ್ದುದರಿಂದ ನಮ್ಮೂರ ಚರ್ಚಿನ ಪುಸ್ತಕದಲ್ಲಿ ನಾನು ಅವಳನ್ನು ಎಂದೂ ಕಂಡಿರಲಿಲ್ಲ. ಸಾಂಡಿ ಡಾಕ್ಟರ ತಾಯಿಯ ತವರೂ ಸ್ಲೇಟರ್. ಆಕೆಯ ಅಜ್ಜ ಜೇಮ್ಸ್ ಸ್ಲೇಟರ್ ಹುಟ್ಟಿದ್ದು 1845ರಲ್ಲಿ. ತಂದೆ ವಿಲಿಯಂ ಸ್ಲೇಟರ್, ತಾಯಿ ಜೀನ್ ರೀಡ್.

ಒಂದೇ ದಂಪತಿಗಳು, ಮದುವೆ 1838ರ ಡಿಸೆಂಬರ್ 7. ಮೂರು ಸಲ ನೋಡಿದೆ. ವಾಟಿಯ ಮುತ್ತಜ್ಜಿಯೂ ಡಾಕ್ಟರ ಮುತ್ತಜ್ಜನೂ ಒಡಹುಟ್ಟಿದವರು.

ಕಚೇರಿ ಊಹಿಸಿದ ಕಾರಣ ಪೂರ್ತಿ ತಪ್ಪು. ರೋನಾ ಬರೆದ 'ಇಲ್ಲ' ಎಂಬುದೂ ಕಟ್ಟುನಿಟ್ಟಾಗಿ ನೋಡಿದರೆ ತಪ್ಪು.

ಶನಿವಾರ 23ರ ಮಧ್ಯಾಹ್ನ ವಾಟಿಯ ಅಡಿಗೆಮನೆಯಲ್ಲಿ ಇದನ್ನು ಹೇಳಿದೆ. ಹೊಗೆಯಾಡಿಸಿದ ಮೀನಿನ ಸಾರು ಬಟ್ಟಲುಗಳಲ್ಲಿತ್ತು. ವಾಟಿ ತನ್ನ ಮೂರು ಬೆರಳುಗಳಲ್ಲಿ ಹಿಡಿದಿದ್ದ ಚಮಚವನ್ನು ಕೆಳಗಿಟ್ಟ.

"ಬೋಸನ್‌ಗಳು ನಮ್ಮ ನೆಂಟ್ರಾ?"

"ದೂರದವರು. ನೀನೂ ಡಾಕ್ಟರೂ ಒಂದೇ ದಂಪತಿಗಳಿಂದ ನಾಲ್ಕು ತಲೆಮಾರು ಕೆಳಗಿನವರು. ರೋನಾ ಐದು."

"ನಮ್ಮಜ್ಜ ಈ ಮಾತು ಕೇಳಿದ್ರೆ ನಡುಸಮುದ್ರದಲ್ಲಿ ದೋಣಿಯಿಂದ ಇಳಿದು ನಡ್ಕೊಂಡು ಹೋಗಿರೋನು." ಆಮೇಲೆ ಸ್ವರ ತಗ್ಗಿಸಿ ಕೇಳಿದ: "ಲೋರಿಮರ್, ಇದು ನಿಮ್ಗೆ ಬಿಟ್ರೆ ಯಾರಿಗ್ ಗೊತ್ತು?"

"ಈಗ ಈ ಕೋಣೆಯಲ್ಲಿರೋ ಮೂರು ಜನಕ್ಕೆ."

"ಹಾಗಾದ್ರೆ ಅವ್ರು ಕೇಳಿದ್ದು ಮೇರ್ ಬಗ್ಗೆ. ಮೇರ್‌ಗಳು ನೆಂಟ್ರಲ್ಲ ಅಂತ ಬರ್ದುಕೊಡಿ. ಅದು ನಿಜ ತಾನೆ? ಸ್ಲೇಟರ್ ಮುದುಕೀನ ಎಬ್ಬಿಸೋದು ಯಾಕೆ?"

ನಾನು ಬಾಯಿ ತೆರೆಯುವ ಮೊದಲೇ ರೋನಾ ಮಾತನಾಡಿದಳು.

"ಕೇಳಿದ್ದು ರಕ್ತದ ಬಗ್ಗೆ, ಅಪ್ಪಾ."

"ರಕ್ತ ಅಂದ್ರೆ? ಒಂದು ತೊಟ್ಟು."

"ತೊಟ್ಟಾದ್ರೂ ಇದೆಯಲ್ಲ. ನಾನು 'ಇಲ್ಲ' ಅಂದಿದ್ದೀನಿ."

"ಅವತ್ತು ನಿಂಗೆ ಗೊತ್ತಿರ್ಲಿಲ್ಲ."

"ಇವತ್ತು ಗೊತ್ತಾಗಿದೆ. ಬುಧವಾರ ಅವ್ರ ಮುಂದೆ ಕೂತ್ಕೊಂಡು ಗೊತ್ತಿಲ್ಲದವಳ ಥರ ಇರೋಕೆ ನನ್ ಕೈಲಾಗಲ್ಲ."

"ಹೌದು ಅಂತ ಬರ್ದ್ರೆ ಅವ್ರು ನಿನ್ನನ್ನ ಕಳ್ಸಲ್ಲ, ಹುಡುಗಿ. ಎಂಟು ವಾರ ಆಬರ್ಡೀನಲ್ಲಿ ಯಾವ್ದೋ ವಾರ್ಡಲ್ಲಿ ಬಿಪಿ ನೋಡ್ತಾ ಇರ್ತೀಯ."

"ಕಳ್ಸೋ ಹಾಗೆ ಮಾಡ್ತೀನಿ."

"ಹೇಗೆ?"

"ಅದು ಗೊತ್ತಿಲ್ಲ. ಬುಧವಾರ ಬರೋಕೆ ಇನ್ನೂ ನಾಲ್ಕು ದಿನ ಇದೆ." ಅವಳು ತಂದೆಯ ಬಟ್ಟಲನ್ನು ಅವನ ಕಡೆಗೆ ಸರಿಸಿದಳು. "ಸಾರು ತಣ್ಣಗಾಗತ್ತೆ."

ವಾಟಿ ಚಮಚ ಎತ್ತಿಕೊಂಡ. ಅರ್ಧ ಬಟ್ಟಲು ಮುಗಿಸಿ ನನ್ನ ಕಡೆ ತಿರುಗಿ, "ಬೆರಳು ಹೊಲಿದ ಅಂತ ನಾನು ಅವ್ನಿಗೆ ಋಣಿ, ಇಲ್ಲ ಅನ್ನಲ್ಲ. ಅದಕ್ಕೆ ನೆಂಟನೂ ಆಗ್ಬೇಕಾ?" ಎಂದ.

ಬುಧವಾರ 27ರಂದು ನಾನೂ ರೋನಾಳೊಂದಿಗೆ ಆಬರ್ಡೀನಿಗೆ ಹೋದೆ. ದಾಖಲೆಗಳ ಪ್ರತಿಗಳಿಗೆ ಸಹಿ ಹಾಕಿದವನು ಪ್ರಶ್ನೆಗೆ ಸಿಗುವಂತಿರಬೇಕು. ಕೋಣೆಯಲ್ಲಿ ಇಬ್ಬರಿದ್ದರು: ಇಲೆಕ್ಟಿವ್‌ಗಳ ಹೊಣೆ ಹೊತ್ತ ಪ್ರೊಫೆಸರ್ ಅರ್ಕರ್ಟ್ ಮತ್ತು ಶ್ರೀಮತಿ ಥಾರ್ಬರ್ನ್. ಶ್ರೀಮತಿ ಥಾರ್ಬರ್ನ್ ಬಗ್ಗೆ ನಾನು ಸಿಟ್ಟು ತುಂಬಿಕೊಂಡು ಹೋಗಿದ್ದೆ. ಆಕೆಯ ಮುಂದೆ ಅರ್ಜಿಗಳು ಅಕ್ಷರಕ್ರಮದಲ್ಲಿ ಅಂಚಿಗೆ ಅಂಚು ಕೂಡಿಸಿಟ್ಟಿದ್ದವು. ಸಿಟ್ಟು ಇಳಿಯಲಿಲ್ಲ, ಆದರೆ ಎದುರಿರುವವರು ಕಾಗದ ಓದಬಲ್ಲವರು ಎಂಬ ಸಮಾಧಾನವಾಯಿತು.

"ಮೊದಲು ಇದು ಹೇಳಿ," ಎಂದರು ಆಕೆ. "ಬೋಸನ್, ಶೇವಿ. ಏನಿದು?"

ನಾನು ಮತದಾರರ ಪಟ್ಟಿಯನ್ನು ತೆರೆದಿಟ್ಟೆ. ಅವರು ಬೆರಳಿಟ್ಟುಕೊಂಡು ಒಂದು ಪುಟ, ಎರಡು ಪುಟ ಇಳಿದರು.

"ಇಷ್ಟೂ ಜನ ಮೇರ್?"

"ಮುಂದಿನ ಪುಟದಲ್ಲೂ ಇದ್ದಾರೆ, ಅಮ್ಮಾ."

"ಪಕ್ಕದಲ್ಲಿರೋ ಈ ಹೆಸರು ಸರ್ಕಾರ ಅಚ್ಚು ಮಾಡಿದ್ದಾ?"

"ನಾನು ಹುಟ್ಟೋಕೆ ಮುಂಚಿನಿಂದ."

ಆಕೆ ಪಟ್ಟಿಯನ್ನು ಪ್ರೊಫೆಸರರ ಕಡೆಗೆ ತಿರುಗಿಸಿದರು. "ಹಾಗಾದ್ರೆ ಇದು ತಮಾಷೆ ಅಲ್ಲ. ನಾನು ತಮಾಷೆ ಅಂತ ಬರ್ದಿದ್ದೆ. ಅದನ್ನ ವಾಪಸ್ ತಗೋತೀನಿ." ಇಂಥ ಮಾತನ್ನು ಕಚೇರಿಯಲ್ಲಿ ಕುಳಿತವರ ಬಾಯಿಂದ ನಾನು ನನ್ನ ಜೀವಮಾನದಲ್ಲಿ ಎರಡು ಸಲ ಕೇಳಿದ್ದೇನೆ. ಇದು ಎರಡನೆಯದು.

ವಿಷಯ ಅಲ್ಲಿಗೆ ಮುಗಿಯುವುದರಲ್ಲಿತ್ತು. ಪ್ರೊಫೆಸರರು ಪೆನ್ನಿನ ಮುಚ್ಚಳ ತೆಗೆದಿದ್ದರು. ಆಗ ರೋನಾ ತನ್ನ ಚೀಲದಿಂದ ಹೊಸ ಅರ್ಜಿಯೊಂದನ್ನು ತೆಗೆದು ಹಳೆಯದರ ಮೇಲಿಟ್ಟಳು.

"ಇದನ್ನೂ ನೋಡ್ಬೇಕು, ಸರ್. ಏಳನೇ ಪ್ರಶ್ನೆಗೆ ಉತ್ತರ ಬದಲಾಗಿದೆ."

ಪ್ರೊಫೆಸರರು ಓದಿದರು: 'ಹೌದು. ನನ್ನ ತಂದೆಯ ಮುತ್ತಜ್ಜಿಯೂ ಮೇಲ್ವಿಚಾರಕರ ಮುತ್ತಜ್ಜನೂ ಒಡಹುಟ್ಟಿದವರು. ಇದು ನನಗೆ ಅಕ್ಟೋಬರ್ 23ರಂದು ತಿಳಿಯಿತು.' ಪೆನ್ನಿಗೆ ಮುಚ್ಚಳ ಹಾಕಿದರು.

"ಅಂದ್ರೆ ಮೊದಲು ಬರ್ದಿದ್ದು ಸುಳ್ಳು."

"ತಪ್ಪು, ಸರ್. ಬರೆದ ದಿನ ನಂಗೆ ಗೊತ್ತಿದ್ದದ್ದು ಅಷ್ಟೇ. ಗೊತ್ತಾದ ಮೇಲೆ ತಿದ್ದಿದ್ದೀನಿ."

"ನೀವು ಸುಮ್ನಿದ್ದಿದ್ರೆ ನಾನು ಸಹಿ ಹಾಕ್ಬಿಡ್ತಿದ್ದೆ."

"ನೋಡ್ದೆ, ಸರ್."

"ನಿಯಮ ಇರೋದು ಯಾಕೆ ಗೊತ್ತಾ? ಸೋದರಮಾವನ ಮನೇಲಿ ಎಂಟು ವಾರ ಮಲಗೆದ್ದು, ಒಳ್ಳೇ ವರದಿ ತರೋರು ಇದ್ದಾರೆ. ನಾಳೆ ಇನ್ನೊಬ್ಬ ಬಂದು, ಅವಳಿಗೆ ಬಿಟ್ರಿ ನಂಗ್ಯಾಕಿಲ್ಲ ಅಂದ್ರೆ ಏನು ಹೇಳ್ಲಿ?"

ರೋನಾ ನಾನು ಬರೆದ ವಂಶಪಟ್ಟಿಯನ್ನು ಎತ್ತಿಕೊಂಡು ಮೇಜಿನ ಮೇಲೆ ಬಿಡಿಸಿದಳು.

"ಮಿಸ್ಟರ್ ಲೋರಿಮರ್, ಈ ವಿಲಿಯಂ ಸ್ಲೇಟರ್ ಮತ್ತೆ ಜೀನ್ ರೀಡ್‌ಗೆ ಈಗ ಬದುಕಿರೋ ಸಂತಾನ ಎಷ್ಟು?"

"ನಮ್ಮ ಕರಾವಳಿಯಲ್ಲಿ ನಾನು ಎಣಿಸಿದ್ದು ಇನ್ನೂರ ಎಂಟು ಜನ. ಎಣಿಕೆ ಪೂರ್ತಿ ಆಗಿಲ್ಲ."

"ಸರ್, ಇವರಲ್ಲಿ ಯಾರ ಹತ್ರಾನೂ ನಾನು ಕಲೀಬಾರ್ದು ಅಂದ್ರೆ, ನಾಳೆ ಇವರಲ್ಲಿ ಯಾರಿಗೂ ನಾನು ಔಷಧಿ ಕೊಡ್ಬಾರ್ದು ಅಂತಾಗತ್ತೆ. ನಾನು ಹೋಗ್ಬೇಕಂತಿರೋದೇ ಆ ಊರಿಗೆ. ಅಲ್ಲಿ ನೆಂಟರಲ್ಲದ ರೋಗಿ ಅಂದ್ರೆ ಬೇಸಗೇಲಿ ಬರೋ ಪ್ರವಾಸಿಗರು ಮಾತ್ರ."

ಶ್ರೀಮತಿ ಥಾರ್ಬರ್ನ್ ಕೆಮ್ಮಿದರು. ಅದು ನಗೆಯಾಗಿದ್ದರೂ ಇರಬಹುದು.

"ನಿಮ್ಗೆ ಬೇಕಿರೋದು ವರದಿಯ ಮೇಲೆ ನೆಂಟನಲ್ಲದ ಒಬ್ಬರ ಕಣ್ಣು," ಎಂದು ರೋನಾ ಮುಂದುವರಿಸಿದಳು. "ದ್ವೀಪದಲ್ಲಿ ನರ್ಸ್ ಇದ್ದಾರೆ, ಮಿಸೆಸ್ ಜೇಮಿಸನ್. ಶೆಟ್ಲೆಂಡಿನವರು, ನಮ್ಮ ಕಡೆಯವರಲ್ಲ. ಹತ್ತೊಂಬತ್ತು ವರ್ಷದಿಂದ ಆ ಕೈಗಳಿಗೆ ಕಟ್ಟು ಹಾಕ್ತಿರೋರು ಅವ್ರೇ. ಪ್ರತಿ ವಾರ ಹಾಜರಿಗೂ ವರದಿಗೂ ಅವ್ರೂ ಸಹಿ ಹಾಕ್ತಾರೆ. ಭಾನುವಾರ ಫೋನ್ ಮಾಡಿ ಕೇಳಿದೀನಿ, ಒಪ್ಪಿದ್ದಾರೆ. ಅಂಕ ಇಲ್ಲಿಯವರೇ ಕೊಡಿ. ಡಾಕ್ಟರು ಕೊಡೋದು ಬೇಡ."

ಪ್ರೊಫೆಸರರು ವಂಶಪಟ್ಟಿಯನ್ನು ಮಡಿಸಿ ಬದಿಗಿಟ್ಟರು.

"ಆ ಪುಸ್ತಕದಿಂದ ನಿಮ್ಗೆ ಏನು ಬೇಕು?"

"ಒಂದು ಲೆಕ್ಕ, ಸರ್. ಕಟ್ಟು ಬಿಗಿದ ಮೇಲೆ ಎಷ್ಟು ಗಂಟೆಗೆ ಬೆರಳು ಹೋಗತ್ತೆ, ನಡುವೆ ಸಡಿಲಿಸಿದ್ರೆ ಎಷ್ಟು ಉಳಿಯತ್ತೆ. ಅದು ಸಿಕ್ಕಿದ್ರೆ ಒಂದು ಪುಟದಲ್ಲಿ ಬರ್ದು ಪ್ರತಿ ದೋಣಿಯ ಚುಕ್ಕಾಣಿ ಕೋಣೇಲಿ ಅಂಟಿಸ್ಬಹುದು. ಅಲ್ಲಿ ಓದೋರಿಗೆ ಒಂದು ಪುಟಕ್ಕಿಂತ ಜಾಸ್ತಿ ಬೇಡ."

"ಜಾಂಜಿಬಾರ್‌ಗೆ ಹೋಗೋರು ನಂಗೆ ಇಷ್ಟು ವಿವರ ಕೊಡಲ್ಲ," ಎಂದು ಪ್ರೊಫೆಸರರು ಪೆನ್ನು ತೆರೆದರು. ನರ್ಸ್ ಜೇಮಿಸನ್ ಅವರ ಸಹಿ, ಅಂಕ ಆಬರ್ಡೀನಿನಲ್ಲಿಯೇ: ಈ ಎರಡು ಷರತ್ತುಗಳೊಂದಿಗೆ ಅರ್ಜಿ ಅಂದೇ ಮಂಜೂರಾಯಿತು. ನಡತೆಯ ಸಮಿತಿಗೆ ಏನೂ ಹೋಗಲಿಲ್ಲ. ಮರುವರ್ಷದಿಂದ ಏಳನೆಯ ಪ್ರಶ್ನೆಯಲ್ಲಿ 'ರಕ್ತಸಂಬಂಧ' ಎಂಬುದರ ಮುಂದೆ ಯಾವ ಯಾವ ಸಂಬಂಧ ಎಂಬುದನ್ನು ಹೆಸರಿಸಿ, ಒಡಹುಟ್ಟಿದವರ ಮಕ್ಕಳವರೆಗೆ ಎಂದು ಮಿತಿ ಹಾಕಿದರು. ಹಾಕಿದವರು ಶ್ರೀಮತಿ ಥಾರ್ಬರ್ನ್. ನನಗೊಂದು ಪ್ರತಿ ಕಳುಹಿಸಿದ್ದರು; ಇಟ್ಟುಕೊಂಡಿದ್ದೇನೆ.

ಜನವರಿ 8ರ ಶನಿವಾರ ಸಂಜೆ ಅವಳು ಆಬರ್ಡೀನಿನಿಂದ ಹಡಗು ಹತ್ತಿದಳು. ವಾಟಿ ಬೀಳ್ಕೊಡಲು ಬಂದಿದ್ದ. ಉತ್ತರದ ಗಾಳಿ ಬೀಸುತ್ತಿತ್ತು. ತನ್ನ ಉಣ್ಣೆಯ ಕೈಗವಸುಗಳನ್ನು ಕಳಚಿ ಮಗಳಿಗೆ ಕೊಟ್ಟ.

"ಬಲಗೈದು ಎರಡು ಬೆರಳ ಜಾಗ ಹೊಸದಾಗೇ ಇದೆ," ಎಂದ. "ಬೋಸನ್‌ಗೆ ನಮಸ್ಕಾರ ಹೇಳು. ನೆಂಟ ಅಂತ ಮಾತ್ರ ಹೇಳ್ಬೇಡ."

"ಲೋರಿಮರ್ ಅವ್ರು ಆಗ್ಲೇ ಕಾಗದ ಬರ್ದಾಗಿದೆ, ಅಪ್ಪಾ."

ವಾಟಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ದಾಖಲಿಸುವ ಅಗತ್ಯವಿಲ್ಲ.

ಮೂರನೆಯ ವಾರದಲ್ಲಿ ಅವಳಿಂದ ನನಗೆ ಕಾಗದ ಬಂತು. 1986ರ ಪುಟದಲ್ಲಿ ತಂದೆಯ ನಮೂದು ಸಿಕ್ಕಿತ್ತು. ದ್ವೀಪಕ್ಕೆ ಹೋದ ಮೇಲೆ ತಮ್ಮ ಕರೆಹೆಸರನ್ನು ಎಲ್ಲಿಯೂ ಬರೆಯದ ಸಾಂಡಿ ಡಾಕ್ಟರು ಅಲ್ಲಿ ಹೀಗೆ ಬರೆದಿದ್ದರು: 'ವಾಲ್ಟರ್ ಮೇರ್ (ಶೇವಿ). ಬಿಗಿದ ಕಟ್ಟು, ಹನ್ನೊಂದು ಗಂಟೆ. ಐದರಲ್ಲಿ ಮೂರು.' ಪುಸ್ತಕದಲ್ಲಿ ಅಂಥವು, ಕಟ್ಟನ್ನು ಒಮ್ಮೆಯೂ ಸಡಿಲಿಸದೆ ಆರು ಗಂಟೆಗೂ ಮಿಕ್ಕಿ ಬಂದವು, ತೊಂಬತ್ತೇಳು ಇದ್ದವೆಂದು ಅವಳು ಎಣಿಸಿದ್ದಳು. ಎಂಟು ವಾರಗಳಲ್ಲಿ 1,184 ನಮೂದುಗಳನ್ನೂ ಓದಿ ಮುಗಿಸಿದಳು. ವರದಿಗೆ ಇಬ್ಬರ ಸಹಿಯಿದೆ. ಕಟ್ಟನ್ನು ಎಷ್ಟು ಹೊತ್ತಿಗೊಮ್ಮೆ, ಹೇಗೆ ಸಡಿಲಿಸಬೇಕು ಎಂಬ ಒಂದು ಪುಟ 1995ರಿಂದ ನಮ್ಮ ಬಂದರಿನ ಎಲ್ಲ ದೋಣಿಗಳ ಚುಕ್ಕಾಣಿ ಕೋಣೆಯಲ್ಲಿದೆ. ಆ ಪುಟದ ಕೆಳಗೆ ಅಚ್ಚಾಗಿರುವ ಹೆಸರು ರೋನಾ ಮೇರ್ (ಶೇವಿ). ಪತ್ರಿಕೆಯವರು ಸುದ್ದಿ ಬರೆಯುವ ಮುನ್ನ ದಕ್ಕೆಯವರೆಗೆ ನಡೆದು ಅದನ್ನೊಮ್ಮೆ ಓದಿದ್ದರೆ, ಬೋಸನ್ ಮನೆಯ ಸಾಂಡಿ ಡಾಕ್ಟರು ಶೇವಿಗಳಲ್ಲಿ ಯಾರ ಚಿಕ್ಕಪ್ಪನೂ ಅಲ್ಲವೆಂದು ಅಲ್ಲಿ ನಿಂತಿದ್ದ ಯಾವ ಗಂಡಸಾದರೂ ಹೇಳುತ್ತಿದ್ದ.